ಜೀಪಿಗೆ ಎಷ್ಟು ಹೊರಿಸಬೇಕು?

(ಮಹಿಳಾ ಸ್ವಸಹಾಯ ಸಂಘಗಳ ವಲಯ ಸಭೆಯಲ್ಲಿ ಆಡಿದ ಮಾತುಗಳ ಬರಹ)



ಸಾಮಾನ್ಯವಾಗಿ ಈ ಸಭೆಯಲ್ಲಿ ನಾವು ಉಳಿತಾಯ, ಸಾಲದ ಕಂತು, ಪುಸ್ತಕ ಬರೆಯುವುದು ಅಂತ ಮಾತಾಡುತ್ತೇವೆ. ಈ ಸಲ ರಸ್ತೆಯ ವಿಷಯ ಎತ್ತಿಕೊಂಡಿದ್ದೇವೆ. ಕಾರಣ ನಿಮಗೇ ಗೊತ್ತು. ಗುಡ್ಡದ ಕಡೆಯ ಮೂರು ಸಂಘದವರು ಬೇರೆ ಬೇರೆಯಾಗಿ ಬಂದು ಒಂದೇ ಮಾತು ಕೇಳಿದರು. "ಸಿಸ್ಟರ್, ಮಳೆ ಹಿಡಿಯೋದರೊಳಗೆ ನಮ್ಮ ರಸ್ತೆ ನಾವೇ ಸರಿ ಮಾಡ್ಕೊಳ್ತೀವಿ. ಜಲ್ಲಿ ಲಾರಿ ಒಳಗೆ ಬರಲ್ಲ. ಜೀಪಲ್ಲಿ ತರಬಹುದಾ? ಎಷ್ಟು ತರಬಹುದು?" ತರಬಹುದು, ಅದಕ್ಕೆ ಬೇರೆ ಮಾತಿಲ್ಲ. ಎಷ್ಟು ತರಬಹುದು ಅನ್ನುವುದಕ್ಕೆ ಮಾತ್ರ ಒಂದು ಸಭೆ ಪೂರ್ತಿ ಬೇಕು. ಯಾಕೆಂದರೆ ಹೆಚ್ಚಿನ ಕಡೆ ಅದನ್ನು ಕಣ್ಣಳತೆಯಲ್ಲೇ ನಿರ್ಧಾರ ಮಾಡುತ್ತಾರೆ. ಕಣ್ಣಿಗೆ ಕಲ್ಲಿನ ತೂಕ ಕಾಣುವುದಿಲ್ಲ.

ನಮ್ಮ ಊರುಗಳ ಸ್ಥಿತಿ ಹೇಗಿದೆ ನೋಡಿ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯ ಒಳ ಊರುಗಳಲ್ಲಿ ಟಾರು ರಸ್ತೆ ಒಂದು ಕಡೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಒಂದು ಮೈಲಿಯೋ ಎರಡು ಮೈಲಿಯೋ ಮಣ್ಣಿನ ದಾರಿ. ಒಂದು ಬದಿ ಧರೆ, ಇನ್ನೊಂದು ಬದಿ ಹಳ್ಳ ಅಥವಾ ಯಾರದ್ದೋ ತೋಟ. ಲಾರಿ ತಿರುವಿನಲ್ಲಿ ತಿರುಗುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರು ಚಡಾವಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಕೊನೆಗೆ ಉಳಿಯುವುದು ನಾಲ್ಕು ಗಾಲಿಗೂ ಎಳೆತ ಇರುವ ಜೀಪು, ಇಲ್ಲವೇ ಅದೇ ತರಹದ ಪಿಕಪ್ಪು. ಅಡಿಕೆ ಹೋಗುವುದು ಅದರಲ್ಲಿ, ರೇಷನ್ ಬರುವುದು ಅದರಲ್ಲಿ, ಮಕ್ಕಳು ಶಾಲೆಗೆ ಹೋಗುವುದೂ ಅದರಲ್ಲಿ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ 2008ರಲ್ಲಿ ಬಂತು, ಎಷ್ಟೋ ಜೀವ ಉಳಿಸಿತು. ಆದರೆ ಅದು ನಿಲ್ಲುವುದು ಟಾರು ಮುಗಿಯುವ ಜಾಗದಲ್ಲಿ. ಹೆರಿಗೆ ನೋವು ಬಂದವಳು ಅಲ್ಲಿಯ ತನಕ ಬರಬೇಕಲ್ಲ? ಜೀಪು ಬಂದರೆ ಜೀಪಿನಲ್ಲಿ, ಜೀಪೂ ಹೂತುಕೊಂಡರೆ ಕಂಬಳಿ ಜೋಲಿಯಲ್ಲಿ. ಇಲ್ಲಿ ಕೂತವರಲ್ಲಿ ಹಾಗೆ ಜೋಲಿಯಲ್ಲಿ ಬಂದವರು ಇದ್ದೀರಿ. ಹಾಗಾಗಿ ರಸ್ತೆಯ ಮಾತು ಗಂಡಸರದ್ದು, ಪಂಚಾಯತಿಯದ್ದು ಅಂತ ನಾವು ಸುಮ್ಮನೆ ಕೂರುವ ಹಾಗಿಲ್ಲ.

ಈಗ ಜೀಪಿನ ವಿಷಯಕ್ಕೆ ಬರೋಣ. ಈ ಗಾಡಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರ ಹೊತ್ತಿಗೆ. ಅಮೆರಿಕದ ಸೈನ್ಯ ತನ್ನ ಕಾಗದಪತ್ರದಲ್ಲಿ ಇದನ್ನು ಕರೆದದ್ದು 'ಕಾಲು ಟನ್ನಿನ ಟ್ರಕ್' ಅಂತ. ಅವರ ಟನ್ನು ನಮ್ಮದಕ್ಕಿಂತ ಸ್ವಲ್ಪ ಚಿಕ್ಕದು, ಅಂದರೆ ಸುಮಾರು 225 ಕಿಲೋ. ಹೊಲ ಗುಡ್ಡ ಅನ್ನದೆ ಹೋಗಬೇಕಾದ ಗಾಡಿಗೆ ಇಷ್ಟೇ ಹೊರೆ ಅಂತ ಅದನ್ನು ಮಾಡಿದವರೇ ಲೆಕ್ಕ ಇಟ್ಟಿದ್ದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾ ಕಂಪನಿಯವರು ಅದನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆಮೇಲೆ ಬಂದ ಜೀಪುಗಳು, ಇವತ್ತಿನ ಪಿಕಪ್ಪುಗಳು ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತವೆ, ಸುಳ್ಳಲ್ಲ. ಆದರೆ ಒಂದೊಂದು ಗಾಡಿಗೂ ಒಂದೊಂದು ಮಿತಿ. "ಪಕ್ಕದೂರಿನ ಗಾಡಿ ಅಷ್ಟು ಹೊತ್ತಿತು, ನಮ್ಮದೂ ಹೊರುತ್ತೆ" ಅನ್ನುವ ಮಾತು ನಡೆಯುವುದಿಲ್ಲ.

ಆ ಮಿತಿ ಎಲ್ಲಿ ಬರೆದಿದೆ? ಗಾಡಿಯ ಆರ್.ಸಿ.ಯಲ್ಲಿ. ಅದರಲ್ಲಿ ಎರಡು ತೂಕ ಇರುತ್ತದೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಹೊರೆ ಸೇರಿ ಒಟ್ಟು ಇರಬಹುದಾದ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ. ಉಳಿದದ್ದು ಹೊರಿಸಬಹುದಾದ ತೂಕ. ಆದರೆ ಖಾಲಿ ತೂಕದಲ್ಲಿ ಡ್ರೈವರ್ ಸೇರಿಲ್ಲ, ಇಳಿಸಲು ಹೋಗುವವರೂ ಸೇರಿಲ್ಲ. ಅವರನ್ನೂ ಕಳೆಯಬೇಕು. ಒಂದು ಉದಾಹರಣೆ ಹಾಕಿ ನೋಡೋಣ. ಒಟ್ಟು ತೂಕ 2,700 ಕಿಲೋ, ಖಾಲಿ ತೂಕ 1,700 ಕಿಲೋ ಅಂತ ಇಟ್ಟುಕೊಳ್ಳಿ. ಉಳಿಯುವುದು 1,000. ಡ್ರೈವರ್, ಪಕ್ಕದಲ್ಲಿ ಇಬ್ಬರು, ಮೂವರಿಂದ 180 ಕಿಲೋ. ಕಲ್ಲಿಗೆ ಉಳಿದದ್ದು 820 ಕಿಲೋ. ಇದು ಬರೀ ಉದಾಹರಣೆ, ನಿಮ್ಮ ಊರಿನ ಗಾಡಿಯ ಲೆಕ್ಕ ಅದರ ಆರ್.ಸಿ. ನೋಡಿಯೇ ಮಾಡಬೇಕು.

820 ಕಿಲೋ ಅಂದರೆ ಎಷ್ಟು ಜಲ್ಲಿ? ಒಂದು ಘನ ಅಡಿ ಜಲ್ಲಿ, ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಡಬ್ಬಿಯಲ್ಲಿ ಹಿಡಿಯುವ ಜಲ್ಲಿ, ಹೆಚ್ಚುಕಡಿಮೆ 45 ಕಿಲೋ ತೂಗುತ್ತದೆ. ಕ್ರಷರಿನವರು ಒಂದು ಯೂನಿಟ್ ಅನ್ನುವುದು ಇಂಥ ನೂರು ಅಡಿಗೆ. ಅದು ನಾಲ್ಕೂವರೆ ಟನ್. ನಮ್ಮ 820 ಕಿಲೋಗೆ ಬರುವುದು ಹದಿನೆಂಟೇ ಅಡಿ. ಪಿಕಪ್ಪಿನ ತೊಟ್ಟಿ ಎಂಟಡಿ ಉದ್ದ, ಐದಡಿ ಅಗಲ ಇದ್ದರೆ ಆ ಹದಿನೆಂಟು ಅಡಿ ಜಲ್ಲಿ ತಳದಲ್ಲಿ ಐದೂವರೆ ಇಂಚು ನಿಲ್ಲುತ್ತದೆ. ಕೇಳಿದಿರಾ? ಐದೂವರೆ ಇಂಚು. ನೋಡಿದವರು "ಇದೇನು ಖಾಲಿ ಗಾಡಿ ಹೋಗ್ತಾ ಇದೆ" ಅನ್ನುತ್ತಾರೆ. ಅದೇ ತೊಟ್ಟಿಯನ್ನು ಒಂದೂವರೆ ಅಡಿ ಎತ್ತರದ ಅಂಚಿನವರೆಗೆ ತುಂಬಿದರೆ ಅರವತ್ತು ಅಡಿ ಜಲ್ಲಿ, 2,700 ಕಿಲೋ. ಇರಬೇಕಾದದ್ದಕ್ಕಿಂತ ಮೂರು ಪಟ್ಟು ಮೀರಿತು.

ಇಲ್ಲಿಯೇ ನಮ್ಮ ರೂಢಿ ಕೈಕೊಡುತ್ತದೆ. ಕೊಟ್ಟಿಗೆಗೆ ದರಗು ತರುವಾಗ, ಹುಲ್ಲು ತರುವಾಗ ಗಾಡಿ ತುಂಬಿಸಿ, ಅದರ ಮೇಲೆ ಇನ್ನಷ್ಟು ಏರಿಸಿ, ಹಗ್ಗ ಬಿಗಿದು ತರುತ್ತೇವೆ. ಗಾಡಿ ತುಂಬಬೇಕು ಅನ್ನುವುದು ಕಣ್ಣಿಗೆ ಅಭ್ಯಾಸವಾಗಿದೆ. ಕಲ್ಲಿಗೆ ಆ ಅಭ್ಯಾಸ ಆಗದು. ಒದ್ದೆ ಮರಳು, ಮಳೆ ಬಿದ್ದ ಮಣ್ಣು ಇನ್ನೂ ಭಾರ. ಸಿಮೆಂಟಾದರೆ ಚೀಲದ ಮೇಲೇ 50 ಕಿಲೋ ಅಂತ ಬರೆದಿರುತ್ತದೆ, ಎಣಿಸಿದರೆ ಆಯಿತು. ಮೋರಿಗೆ ಹಾಕುವ ಸಿಮೆಂಟ್ ಪೈಪು ಒಂದಡಿ ಬಾಯಿಯದ್ದು, ಎರಡೂವರೆ ಮೀಟರ್ ಉದ್ದದ್ದು ಒಂದೊಂದು ಎರಡು ಕ್ವಿಂಟಾಲಿಗೆ ಹತ್ತಿರ ಇರುತ್ತದೆ, ದಪ್ಪ ಗೋಡೆಯದ್ದಾದರೆ ಅದಕ್ಕೂ ಹೆಚ್ಚು. ಅದು ಉರುಳುವ ವಸ್ತು ಬೇರೆ.

ತೂಕದ ಯಂತ್ರವನ್ನು ಎಲ್ಲಿಂದ ತರೋಣ ಅಂತ ಕೇಳಬಹುದು. ಗಾಡಿ ತೂಗುವುದೇನೂ ಬೇಡ. ಒಂದು ಬಾಂಡ್ಲಿ ತೂಗಿದರೆ ಸಾಕು. ಅಡಿಕೆ ತೂಗುವ ತಕ್ಕಡಿ ಯಾರ ಮನೆಯಲ್ಲಾದರೂ ಇರುತ್ತದೆ. ನೀವು ಹೇಗೆ ತುಂಬುತ್ತೀರೋ ಹಾಗೆಯೇ ಒಂದು ಬಾಂಡ್ಲಿ ಜಲ್ಲಿ ತುಂಬಿ ತೂಗಿ. 20 ಕಿಲೋ ಬಂದರೆ, 820 ಕಿಲೋಗೆ 41 ಬಾಂಡ್ಲಿ. ಅಲ್ಲಿಗೆ ನಿಲ್ಲಿಸಬೇಕು. ಒಬ್ಬರು ಗಾಡಿಯ ಪಕ್ಕ ಪುಸ್ತಕ ಹಿಡಿದು ನಿಂತು ಬಾಂಡ್ಲಿಗೊಂದು ಗೀಟು ಹಾಕಲಿ. ಸಂಘದ ಲೆಕ್ಕ ಬರೆಯುವವರು ಒಂದು ರೂಪಾಯಿ ಹೆಚ್ಚು ಕಡಿಮೆ ಆದರೂ ರಾತ್ರಿ ನಿದ್ದೆ ಮಾಡುವುದಿಲ್ಲ, ನಮಗೆ ಗೊತ್ತು. ಅಂಥವರನ್ನೇ ನಿಲ್ಲಿಸಿ. ಇನ್ನೊಂದು ಮಾತು, ಹೊರುವವರ ಸೊಂಟವೂ ಲೆಕ್ಕಕ್ಕೆ ಬರಬೇಕು. ಬಾಂಡ್ಲಿಯನ್ನು ಮುಕ್ಕಾಲು ತುಂಬಿಸಿ. ಗರ್ಭಕೋಶದ ತೊಂದರೆ ಇರುವವರು, ಬಾಣಂತಿತನ ಮುಗಿಸಿ ವರ್ಷ ಆಗದವರು ಗೀಟು ಹಾಕಲಿ, ಚಹಾ ಮಾಡಲಿ, ಹಾರೆ ಹಿಡಿಯುವುದು ಬೇಡ. ನಾಚಿಕೊಂಡು ಹೇಳದೆ ಇರುವವರೇ ಹೆಚ್ಚು. ಆದ್ದರಿಂದ ಮುಖ್ಯಸ್ಥೆಯರೇ ಕೇಳಿ ತಿಳಿದುಕೊಳ್ಳಬೇಕು.

"ಫೋರ್ ವೀಲ್ ಇದೆ ಸಿಸ್ಟರ್, ಏನೂ ಆಗಲ್ಲ" ಅನ್ನುವ ಮಾತನ್ನು ನಾವು ಎಲ್ಲ ಊರಲ್ಲೂ ಕೇಳಿದ್ದೇವೆ. ಈ ಫೋರ್ ವೀಲ್ ಅಂದರೆ ಏನು ಅಂತ ಸ್ವಲ್ಪ ತಿಳಿದುಕೊಳ್ಳೋಣ. ಬೇರೆ ಗಾಡಿಗಳಲ್ಲಿ ಇಂಜಿನ್ನಿನ ಬಲ ಎರಡು ಗಾಲಿಗೆ ಮಾತ್ರ ಹೋಗುತ್ತದೆ. ಇದರಲ್ಲಿ ಒಂದು ಸಣ್ಣ ಲಿವರ್ ಹಾಕಿದರೆ ನಾಲ್ಕಕ್ಕೂ ಹೋಗುತ್ತದೆ. 'ಲೋ' ಹಾಕಿದರೆ ಗಾಡಿ ನಿಧಾನ ಆಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಕೆಸರಿನಲ್ಲಿ, ಜಾರುವ ಚಡಾವಿನಲ್ಲಿ ಇದು ದೊಡ್ಡ ಉಪಕಾರ. ಆದರೆ ಇದರಿಂದ ಪಟ್ಟಿ ಗಟ್ಟಿ ಆಗುವುದಿಲ್ಲ, ಆಕ್ಸಲ್ ದಪ್ಪ ಆಗುವುದಿಲ್ಲ, ಟೈರಿನ ತಾಳಿಕೆ ಹೆಚ್ಚುವುದಿಲ್ಲ. ಬ್ರೇಕಂತೂ ಎಲ್ಲ ಗಾಡಿಯಲ್ಲೂ ನಾಲ್ಕು ಗಾಲಿಗೇ ಇರುವುದು, ಫೋರ್ ವೀಲ್ ಹಾಕಿದ್ದಕ್ಕೆ ಹೊಸ ಬ್ರೇಕು ಹುಟ್ಟುವುದಿಲ್ಲ. ಅಂದರೆ ಫೋರ್ ವೀಲ್ ಗಾಡಿಯನ್ನು ಹತ್ತಿಸುತ್ತದೆ. ನಿಲ್ಲಿಸುವುದಕ್ಕೂ ಹೊರುವುದಕ್ಕೂ ಅದರ ಸಹಾಯ ಇಲ್ಲ. ಹತ್ತಲಾರದ ಹೊರೆಯನ್ನು ಕೆಳಗೇ ಬಿಟ್ಟುಬರುತ್ತಿದ್ದ ನಾವು, ಇದು ಇದೆ ಅಂತ ಮೇಲೆ ಏರಿಸುತ್ತೇವೆ. ಅಪಾಯ ಇರುವುದು ಅಲ್ಲಿ. ಅಡ್ಡಕ್ಕೆ ಒಂದು ಮುಂಗಾಲಿ, ಒಂದು ಹಿಂಗಾಲಿ ಜಾರು ಮಣ್ಣಿಗೆ ಸಿಕ್ಕಿದರೆ ಸಾಧಾರಣ ಜೀಪಿನಲ್ಲಿ ಆ ಎರಡೂ ಗಾಲಿ ಸುಮ್ಮನೆ ಸುತ್ತುತ್ತವೆ, ಗಾಡಿ ಅಲುಗುವುದಿಲ್ಲ. ಒಣಗಿದ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸಿದರೆ ಒಳಗಿನ ಹಲ್ಲುಚಕ್ರ ಬಿಗಿದು ಸವೆಯುತ್ತವೆ. ಇದು ಅನುಭವಸ್ಥ ಡ್ರೈವರುಗಳಿಗೆ ಗೊತ್ತಿರುತ್ತದೆ.

ಎಂಟಡಿ ಮುಂದೆ ಹೋದರೆ ಒಂದಡಿ ಏರುವ ಚಡಾವು ನಮ್ಮಲ್ಲಿ ಬೇಕಾದಷ್ಟಿದೆ. ಅಂಥ ಕಡೆ 2,700 ಕಿಲೋದ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಮುನ್ನೂರ ಮೂವತ್ತು ಕಿಲೋಗೂ ಮಿಕ್ಕಿ. ಅಂಚಿನವರೆಗೆ ತುಂಬಿದ ಗಾಡಿ ನಾಲ್ಕೂವರೆ ಟನ್ ಆಗುತ್ತದೆ, ಎಳೆತ ಐದೂವರೆ ಕ್ವಿಂಟಾಲು ದಾಟುತ್ತದೆ. ಇಂಜಿನ್ ನಿಂತುಹೋದ ಗಳಿಗೆಯಲ್ಲಿ ಅಷ್ಟನ್ನೂ ಹಿಡಿಯಬೇಕಾದದ್ದು ಬ್ರೇಕು. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ಗಾಳಿಯೆಳೆತದ ಸಹಾಯವೂ ಸ್ವಲ್ಪ ಹೊತ್ತಿಗೆ ಮುಗಿದು, ಪೆಡಲು ಕಲ್ಲಿನ ಹಾಗಾಗುತ್ತದೆ. ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರು ಇದ್ದಾರೆ. ಹೊರೆ ಇರುವ ಗಾಡಿಯಲ್ಲಿ ಅದನ್ನು ಮಾಡುವ ಡ್ರೈವರನ್ನು ಎರಡನೇ ದಿನ ಕರೆಯಬೇಡಿ. ಯಾವ ಗೇರಿನಲ್ಲಿ ಹತ್ತಿದನೋ ಅದೇ ಗೇರಿನಲ್ಲಿ ಇಳಿಯಬೇಕು. ಬರೀ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ.

ಹೊರೆಯನ್ನು ಎಲ್ಲಿ ಇಡುವುದು ಅನ್ನುವುದೂ ಮುಖ್ಯ. ಭಾರದ ಕಲ್ಲು ತಳದಲ್ಲಿ, ಕ್ಯಾಬಿನ್ನಿನ ಹತ್ತಿರ. ಹಿಂದಿನ ಆಕ್ಸಲಿನಿಂದ ಆಚೆಗೆ ಭಾರ ಬಿದ್ದರೆ ಚಡಾವಿನಲ್ಲಿ ಮುಂಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಿಂದಿನ ಬಾಗಿಲು ಹಾಕಿ, ಸರಪಳಿ ಸಿಕ್ಕಿಸಿ. ಪೈಪು ತಂದರೆ ಎರಡೂ ಬದಿ ಮರದ ತುಂಡು ಕೊಟ್ಟು ಕಟ್ಟಿ.

ಇನ್ನು ಗಾಲಿಗೆ ಕಲ್ಲು ಕೊಡುವ ಕೆಲಸ. ಗಾಡಿ ಹತ್ತುವಾಗ ಒಬ್ಬರು ಹಿಂದೆ ಹಿಂದೆಯೇ ಕಲ್ಲು ಹಿಡಿದು ನಡೆಯುವುದು, ನಿಂತ ಕೂಡಲೇ ಗಾಲಿಯ ಕೆಳಗೆ ಇಡುವುದು. ನಮ್ಮ ಕಡೆ ಎಲ್ಲ ಊರಲ್ಲೂ ಇದೆ. ಹೆಚ್ಚಾಗಿ ಹುಡುಗರಿಗೆ ಹೇಳುತ್ತಾರೆ. ಎರಡು ವರ್ಷದ ಹಿಂದೆ ಒಂದು ಸಂಘದ ಸದಸ್ಯೆ ಹೀಗೆ ಹಿಂದೆ ನಡೆಯುತ್ತಿದ್ದಾಗ ಜೀಪು ಮೊಳದಷ್ಟು ಹಿಂದಕ್ಕೆ ಬಂತು. ಮೊಳವೇ ಸಾಕಾಯಿತು, ಪಾದದ ಮೂಳೆ ಮುರಿಯಿತು. ಮೂರು ತಿಂಗಳು ತೋಟದ ಕೆಲಸ ಇಲ್ಲ. ಅವರ ಸಾಲದ ಕಂತನ್ನು ಸಂಘದ ಉಳಿದವರು ಹಂಚಿಕೊಂಡು ಕಟ್ಟಿದರು, ಅದು ಅವರ ದೊಡ್ಡ ಮನಸ್ಸು. ಪರಿಹಾರ ಕೇಳಲು ಹೋದರೆ ಗಾಡಿ ಬಿಳಿ ಬೋರ್ಡಿನದ್ದು, ಸ್ವಂತ ಉಪಯೋಗಕ್ಕೆ ಅಂತ ನೋಂದಣಿ ಆಗಿತ್ತು, ಬಾಡಿಗೆಗೆ ಸರಕು ಹೊರುವಂತೆಯೇ ಇರಲಿಲ್ಲ. ಆದ್ದರಿಂದ ಕಲ್ಲು ಕೊಡುವವರು ದೊಡ್ಡವರೇ ಇರಬೇಕು, ಗಾಡಿಯ ಹಿಂದೆ ನಿಲ್ಲದೆ ಬದಿಗೆ, ಧರೆಯ ಕಡೆಗೆ ನಿಲ್ಲಬೇಕು, ಗಾಡಿ ಪೂರಾ ನಿಂತ ಮೇಲೆ ಉದ್ದ ಹಿಡಿಯ ಮರದ ಕಟ್ಟೆಯನ್ನು ಬದಿಯಿಂದ ತಳ್ಳಬೇಕು. ಗಾಡಿ ರಿವರ್ಸ್ ಬರುವಾಗ ಕೈ ತೋರಿಸುವವರು ಒಬ್ಬರೇ ಇರಲಿ. ನಾಲ್ಕು ಜನ "ಬಾ ಬಾ" ಅಂದರೆ ಡ್ರೈವರಣ್ಣ ಯಾರ ಮಾತು ಕೇಳಬೇಕು?

ಕಲ್ಲಿನ ಮೇಲೆ ಕೂತು ಬರುವುದು ಬೇಡವೇ ಬೇಡ. ಕೆಲಸ ಮುಗಿಸಿ ಸುಸ್ತಾಗಿರುತ್ತದೆ, ಎರಡು ಮೈಲಿ ನಡೆಯಬೇಕು, ಗಾಡಿ ಹೇಗೂ ಹೋಗುತ್ತಿದೆ. ನಮಗೆ ಅರ್ಥವಾಗುತ್ತದೆ. ಆದರೆ 2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ಆದದ್ದು ನಿಮಗೆ ನೆನಪಿರಬಹುದು. ಸವಣೂರಿನ ಬಡ ವ್ಯಾಪಾರಿಗಳು ತರಕಾರಿ ಲಾರಿಯಲ್ಲಿ ಕುಮಟಾ ಸಂತೆಗೆ ಹೊರಟಿದ್ದರು, ಲಾರಿ ಕಮರಿಗೆ ಬಿತ್ತು, ಹತ್ತು ಜನ ಜೀವ ಬಿಟ್ಟರು. ಸರಕಿನ ಜೊತೆ ಕೂತವರ ಮೇಲೆ ಸರಕೇ ಬೀಳುತ್ತದೆ. ಅದು ತರಕಾರಿ, ನಮ್ಮದು ಕಲ್ಲು. ಕಾನೂನಿನ ವಿಷಯವನ್ನೂ ತಿಳಿದಿರಿ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ಮಿತಿ ಮೀರಿ ಹೊರಿಸಿದ್ದಕ್ಕೆ 2019ರ ತಿದ್ದುಪಡಿಯಲ್ಲಿ ಇಪ್ಪತ್ತು ಸಾವಿರ ರೂಪಾಯಿ ದಂಡ, ಹೆಚ್ಚಾದ ಒಂದೊಂದು ಟನ್ನಿಗೆ ಇನ್ನೂ ಎರಡು ಸಾವಿರ ಅಂತ ಇಟ್ಟಿದ್ದಾರೆ. ನಮ್ಮ ಕಾಡು ದಾರಿಯಲ್ಲಿ ಯಾರು ಹಿಡಿಯುತ್ತಾರೆ ಅನ್ನಬಹುದು. ಹಿಡಿಯದೇ ಇರಬಹುದು, ಆದರೆ ಅವಘಡ ಆದ ಮೇಲೆ ಎಲ್ಲರೂ ಬಂದು ಕಾಗದ ಕೇಳುತ್ತಾರೆ.

ಈಗ ಒಂದು ಸೂಕ್ಷ್ಮದ ಮಾತು. ಗಾಡಿಗೆ ಹೆಚ್ಚು ಹೊರಿಸುವುದು ಡ್ರೈವರ್ ಮಾತ್ರ ಅಲ್ಲ. ಬಾಡಿಗೆ ಕೊಡುವವರು ನಾವು. ಒಂದು ಟ್ರಿಪ್ಪಿಗೆ ಇಷ್ಟು ಅಂತ ಬಾಡಿಗೆ ಮಾತಾಡಿದರೆ, ಟ್ರಿಪ್ ಕಡಿಮೆ ಆದಷ್ಟು ಸಂಘಕ್ಕೆ ದುಡ್ಡು ಉಳಿತಾಯ. "ಇನ್ನು ನಾಲ್ಕು ಬಾಂಡ್ಲಿ ಹಾಕಿ" ಅನ್ನುವ ಮಾತು ಅಲ್ಲಿಂದ ಬರುತ್ತದೆ. ಡ್ರೈವರ್ ಊರಿನದೇ ಹುಡುಗ, ಅತ್ತೆ, ಚಿಕ್ಕಮ್ಮ ಅಂತ ಕರೆಯುವವನು, ದೊಡ್ಡವರ ಎದುರು ಬೇಡ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ಒಂದೂರಲ್ಲಿ ಒಬ್ಬ ಹುಡುಗ ಬೇಡ ಅಂದೇಬಿಟ್ಟ. ಗಾಡಿಯಿಂದ ಹತ್ತು ಬಾಂಡ್ಲಿ ಇಳಿಸಿದ. ಆ ಸಂಘದವರಿಗೆ ಸಿಟ್ಟು ಬಂತು, "ಏನು ಇವನ ಗಾಡಿ ಗಾಜಿನದ್ದಾ" ಅಂದರು. ನಾವು ಹುಡುಗನ ಪಕ್ಷ. ಗಾಡಿಯ ಸಾಲ ಕಟ್ಟುವವನು ಅವನು, ಪಟ್ಟಿ ಮುರಿದರೆ ಹಾಕಿಸುವವನು ಅವನು, ಬ್ರೇಕು ಹೋದರೆ ಮೊದಲು ಸಾಯುವವನೂ ಅವನು. ಅದಕ್ಕೆ ನಮ್ಮ ಸಲಹೆ ಏನೆಂದರೆ, ಟ್ರಿಪ್ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಬಾಡಿಗೆ ಮಾತಾಡಿ, ಡೀಸೆಲ್ ಬೇರೆ ಕೊಡಿ. ಆಗ ಹೊರೆ ಏರಿಸಬೇಕು ಅನ್ನುವ ಆಸೆಯೂ ಕಡಿಮೆ, ಓಡಿಸಿ ಮುಗಿಸಬೇಕು ಅನ್ನುವ ಅವಸರವೂ ಕಡಿಮೆ.

"ಹಾಗಾದರೆ ಎಷ್ಟು ಟ್ರಿಪ್ ಆಗುತ್ತೆ, ಮುಗಿಯೋದು ಯಾವಾಗ?" ನ್ಯಾಯವಾದ ಪ್ರಶ್ನೆ. ನೂರು ಅಡಿ ಉದ್ದದ ಕೆಟ್ಟ ಚಡಾವು, ಹತ್ತಡಿ ಅಗಲ, ಅರ್ಧ ಅಡಿ ದಪ್ಪಕ್ಕೆ ಕಲ್ಲು ಹಾಕಬೇಕು ಅಂದುಕೊಳ್ಳಿ. ಐನೂರು ಘನ ಅಡಿ. ಕುಟ್ಟಿ ಕೂರಿಸಿದಾಗ ತಗ್ಗುತ್ತದೆ, ಕಾಲು ಭಾಗ ಹೆಚ್ಚು ಹಿಡಿಯಿರಿ, 625 ಆಯಿತು. ಟ್ರಿಪ್ಪಿಗೆ ಹದಿನೆಂಟರಂತೆ 35 ಟ್ರಿಪ್. ದಿನಕ್ಕೆ ಏಳು ಟ್ರಿಪ್ ಆದರೆ ಐದು ದಿನ. ಅಂಚಿನವರೆಗೆ ತುಂಬಿದರೆ ಹನ್ನೊಂದೇ ಟ್ರಿಪ್ಪು, ಆಸೆ ಆಗುವುದು ಸಹಜ. ಆದರೆ ಟ್ರಿಪ್ ಕಡಿಮೆ ಮಾಡುವ ಬೇರೆ ದಾರಿ ಇದೆ. ಇಡೀ ಅಗಲಕ್ಕೆ ಹಾಕುವ ಬದಲು ಗಾಲಿ ಓಡುವ ಎರಡು ಜಾಡಿಗೆ ಮಾತ್ರ ಹಾಕಿ, ಒಂದೊಂದು ಎರಡಡಿ ಅಗಲ. ಆಗ 250 ಅಡಿ ಸಾಕು, 14 ಟ್ರಿಪ್, ಎರಡು ದಿನ. ಎಷ್ಟೋ ಕಾಫಿ ತೋಟಗಳ ಒಳಗೆ ಸಾಹುಕಾರರು ಕಾಂಕ್ರೀಟು ಹಾಕಿಸುವುದೂ ಹೀಗೆ ಎರಡು ಪಟ್ಟೆ ಮಾತ್ರ. ಜಾಡು ಸುತ್ತಲ ಮಣ್ಣಿಗಿಂತ ಸ್ವಲ್ಪ ಎತ್ತರ ಇರಬೇಕು, ಇಲ್ಲದಿದ್ದರೆ ಮಳೆಗೆ ಅದೇ ಕಾಲುವೆ ಆಗುತ್ತದೆ. ಕೆಳಗೆ ದಪ್ಪ ಕಲ್ಲು, ಮೇಲೆ ಸಣ್ಣದು, ಸಂದಿಗೆ ಗರಸು ಮಣ್ಣು, ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು. ಬರೀ ಜಲ್ಲಿ ಸುರಿದರೆ ಗಾಲಿಯ ಕೆಳಗೆ ಉರುಳಿ ವಾರದಲ್ಲಿ ಚರಂಡಿ ಸೇರುತ್ತದೆ.

ಹೆಚ್ಚು ಹೊರೆ ರಸ್ತೆಯನ್ನೇ ತಿನ್ನುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರ ತನಕ ಬೇರೆ ಬೇರೆ ರಸ್ತೆ ಕಟ್ಟಿ, ಅದರ ಮೇಲೆ ಎರಡು ವರ್ಷ ಹೊರೆ ಗಾಡಿ ಓಡಿಸಿ ನೋಡಿದರು. ಒಂದು ಆಕ್ಸಲಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಅದು ಟಾರು, ಕಾಂಕ್ರೀಟು ರಸ್ತೆಯ ಲೆಕ್ಕ. ನಮ್ಮ ಮಣ್ಣು ದಾರಿಗೆ ಅದೇ ಅಂಕಿ ಕೂಡದಿದ್ದರೂ ಕೆಡುವ ರೀತಿ ಅದೇ. ಮಾರ್ಚಿನಲ್ಲಿ ಒಂದು ಮಳೆ ಬಿದ್ದು ನೆಲ ಮೆತ್ತಗಿರುವಾಗ ತುಂಬಿದ ಜೀಪು ನಾಲ್ಕು ಸಲ ಓಡಾಡಿದರೆ ಮೊಣಕಾಲುದ್ದ ಜಾಡು ಬೀಳುತ್ತದೆ, ನೋಡಿಯೇ ಇದ್ದೀರಿ. ರಿಪೇರಿಗೆ ಕಲ್ಲು ತರುವ ಗಾಡಿಯೇ ಇನ್ನೊಂದು ರಿಪೇರಿ ಕೆಲಸ ಹುಟ್ಟಿಸಬಾರದು. ಮಳೆ ಬಿದ್ದರೆ ಎರಡು ದಿನ ಬಿಡಿ. ಕಲ್ಲು ಹಾಕುವುದನ್ನು ಗಾಡಿ ಬರುವ ಕಡೆಯಿಂದಲೇ ಶುರು ಮಾಡಿ. ಆಗ ಮುಂದಿನ ಟ್ರಿಪ್ಪು ಹಾಕಿದ ಕಲ್ಲಿನ ಮೇಲೇ ಓಡಿ ಅದನ್ನು ಒತ್ತುತ್ತದೆ. ಪೂರಾ ಅಗಲಕ್ಕೆ ಹಾಕಿದ ಕಡೆ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಸರಿದು ಓಡಿಸಲು ಡ್ರೈವರಣ್ಣನಿಗೆ ಹೇಳಿ. ರೋಲರಿನ ಕೆಲಸ ಆಗದಿದ್ದರೂ ಅರ್ಧ ಆಗುತ್ತದೆ.

ಆದರೆ ಇಷ್ಟೆಲ್ಲ ಮಾಡುವ ಮೊದಲಿನ ವಾರ ಜೀಪೇ ಬೇಡ. ರಸ್ತೆ ಕೆಡಿಸುವುದು ಗಾಡಿಗಿಂತ ಹೆಚ್ಚಾಗಿ ನೀರು. ನಮ್ಮ ಮಲೆನಾಡಿನ ಮಳೆಯಲ್ಲಿ ಚರಂಡಿ ಇಲ್ಲದ ರಸ್ತೆಗೆ ನೂರು ಟ್ರಿಪ್ ಕಲ್ಲು ಹಾಕಿದರೂ ಜುಲೈ ತಿಂಗಳಲ್ಲಿ ಅದು ಹಳ್ಳದಲ್ಲಿರುತ್ತದೆ. ಧರೆ ಬದಿಯ ಚರಂಡಿಯಲ್ಲಿ ಕುಸಿದ ಮಣ್ಣು, ದರಗು ತುಂಬಿದ್ದರೆ ಮೊದಲು ಅದನ್ನು ತೆಗೆಯಿರಿ. ಮೋರಿಯ ಬಾಯಿ ಬಿಡಿಸಿ. ಹತ್ತಡಿ ಅಗಲದ ರಸ್ತೆಗೆ ನಡು ಎರಡೂವರೆ ಮೂರು ಇಂಚು ಎತ್ತರ ಇರಬೇಕು, ನೀರು ಎರಡೂ ಬದಿಗೆ ಇಳಿಯುವ ಹಾಗೆ. ಚಡಾವಿನಲ್ಲಿ ನೀರು ರಸ್ತೆಯುದ್ದಕ್ಕೂ ಓಡದಂತೆ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆ ತೆಗೆದು ಕಲ್ಲು ಜೋಡಿಸಿ, ಚಡಾವು ಕಡಿದಾದಷ್ಟು ಹತ್ತಿರ ಹತ್ತಿರ. ಆ ನೀರನ್ನು ಎಲ್ಲಿಗೆ ಬಿಡುತ್ತೀರಿ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ಬಿಟ್ಟು ಎರಡು ಸಂಘಗಳ ನಡುವೆ ಮಾತು ನಿಂತದ್ದನ್ನು ನಾವು ಕಂಡಿದ್ದೇವೆ. ಇವಕ್ಕೆಲ್ಲ ಬೇಕಾದದ್ದು ಗುದ್ದಲಿ, ಹಾರೆ, ಹತ್ತು ಜನ. ಬಾಡಿಗೆ ಒಂದು ಪೈಸೆ ಇಲ್ಲ.

ಕೊನೆಯದಾಗಿ, ಇದನ್ನೆಲ್ಲ ನಾವೇಕೆ ಮಾಡಬೇಕು, ಸರ್ಕಾರ ಇಲ್ಲವೇ ಅಂತ ಒಬ್ಬ ತಂಗಿ ಕೇಳಿದರು. ಸರಿಯಾಗಿಯೇ ಕೇಳಿದರು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾಯಿತು. ಬಯಲು ಪ್ರದೇಶದಲ್ಲಿ 500 ಜನರಿರುವ ಊರಿಗೆ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ಊರಿಗೆ ರಸ್ತೆ. ಮಲೆನಾಡು ಗುಡ್ಡವೇ ಆದರೂ ಕರ್ನಾಟಕ ಗುಡ್ಡಗಾಡು ರಾಜ್ಯದ ಪಟ್ಟಿಯಲ್ಲಿಲ್ಲ. ಇಪ್ಪತ್ತು ಮನೆ ಇಲ್ಲೊಂದು ಅಲ್ಲೊಂದು ಇರುವ ನಮ್ಮ ಊರು 500 ಹೇಗೆ ಮುಟ್ಟೀತು? 2024ರಲ್ಲಿ ಒಪ್ಪಿಗೆಯಾದ ನಾಲ್ಕನೇ ಹಂತದಲ್ಲೂ ಬಯಲಿಗೆ 500 ಅಂತಲೇ ಇದೆ. ಹಾಗಾಗಿ ಸಣ್ಣ ಊರಿನವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲೇಬೇಕು. ಕೂಲಿ ಕೊಡುವ ಯೋಜನೆಯಲ್ಲಿ ಈ ಕೆಲಸ ಸೇರಿಸಬಹುದೇ ಅನ್ನುವುದನ್ನೂ ಅಲ್ಲೇ ಕೇಳಿ. ಅರಣ್ಯದ ಒಳಗಿನ ಊರಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ನೆನಪಿಡಿ. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆಗೆ ಅವಕಾಶ ಇದೆ. ಕಲ್ಲನ್ನು ಮಾತ್ರ ಕಾಡಿನಿಂದ, ಹೊಳೆಯಿಂದ ಎತ್ತಿ ತರಬೇಡಿ, ಕೇಸು ಆಗುತ್ತದೆ. ಕ್ರಷರಿನಿಂದ ರಸೀದಿ ಪಡೆದೇ ತನ್ನಿ.

ಸಂಘದ ಉಳಿತಾಯದ ಹಣವನ್ನು ರಸ್ತೆಗೆ ಹಾಕಬೇಡಿ. ಅದು ನಿಮ್ಮ ಕಾಯಿಲೆಗೆ, ಮಕ್ಕಳ ಫೀಸಿಗೆ ಇಟ್ಟದ್ದು. ಶ್ರಮ ಕೊಡಿ, ಬಾಡಿಗೆಗೆ ಮನೆಗಿಷ್ಟು ಅಂತ ಊರಿನ ಎಲ್ಲರಿಂದ ಎತ್ತಿ, ಜೀಪಿನಲ್ಲಿ ಓಡಾಡುವ ಗಂಡಸರಿಂದಲೂ. ಮತ್ತು ಆ ಗೀಟಿನ ಪುಸ್ತಕ ಜೋಪಾನ ಮಾಡಿ. ಎಷ್ಟು ದಿನ, ಎಷ್ಟು ಜನ, ಎಷ್ಟು ಟ್ರಿಪ್, ಎಷ್ಟು ಕಿಲೋ ಕಲ್ಲು ಅಂತ ಬರೆದ ಆ ಪುಸ್ತಕದ ನಕಲನ್ನು ಅರ್ಜಿಯ ಜೊತೆ ಪಿಡಿಒ ಅವರಿಗೆ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. "ರಸ್ತೆ ಮಾಡಿಕೊಡಿ ಸ್ವಾಮಿ" ಅನ್ನುವ ಅರ್ಜಿ ಅವರ ಮೇಜಿನ ಮೇಲೆ ಬೇಕಾದಷ್ಟಿದೆ. "ಈ ನೂರು ಅಡಿಗೆ ನಾವು ಹದಿನಾಲ್ಕು ಟ್ರಿಪ್ಪು, ಹನ್ನೊಂದೂವರೆ ಟನ್ ಕಲ್ಲು ಹಾಕಿದ್ದೇವೆ, ಉಳಿದ ಎಂಟು ನೂರು ಅಡಿಗೆ ನೀವು ಹಾಕಿ" ಅನ್ನುವ ಅರ್ಜಿ ಬೇರೆ.

ಮುಂದಿನ ತಿಂಗಳ ಸಭೆಗೆ ಬರುವಾಗ ಗುಡ್ಡದ ಕಡೆಯ ಸಂಘದವರು ಮೂರು ವಿಷಯ ಬರೆದು ತನ್ನಿ. ನಿಮ್ಮ ಊರಿನ ಗಾಡಿಯ ಆರ್.ಸಿ.ಯಲ್ಲಿರುವ ಎರಡು ತೂಕ, ನಿಮ್ಮ ಬಾಂಡ್ಲಿಯ ತೂಕ, ಮತ್ತು ಕೆಟ್ಟ ಚಡಾವಿನ ಉದ್ದ, ಹಗ್ಗ ಹಿಡಿದು ಅಳೆದದ್ದು. ಗಾಡಿ ಹಳದಿ ಬೋರ್ಡಿನದ್ದೋ ಬಿಳಿಯದ್ದೋ ಅದನ್ನೂ ನೋಡಿಕೊಂಡು ಬನ್ನಿ. ಟ್ರಿಪ್ಪಿನ ಲೆಕ್ಕ ಇಲ್ಲೇ ಕೂತು ಒಟ್ಟಿಗೆ ಮಾಡೋಣ. ಆಗುವುದಾದರೆ ಡ್ರೈವರಣ್ಣನನ್ನೂ ಕರೆದುಕೊಂಡು ಬನ್ನಿ, ಊಟ ಇಲ್ಲೇ ಇರುತ್ತದೆ.